ಆರು ತಿಂಗಳಾದರೂ ಚಕ್ರದ ಮೇಲೆ ಮಣ್ಣು ನಡುವಿಗೆ ನಿಲ್ಲುತ್ತಿಲ್ಲ, ಏನು ಮಾಡಲಿ?

ವಾರಕ್ಕೊಮ್ಮೆ ಕುಂಬಾರಿಕೆ ತರಗತಿಗೆ ಹೋಗಿ ಆರು ತಿಂಗಳಾಯಿತು, ಸೆಂಟರಿಂಗ್ (ತಿರುಗುವ ಮಣ್ಣನ್ನು ಚಕ್ರದ ನಡುವಿಗೆ ತಂದು ನಿಲ್ಲಿಸುವುದು) ಇನ್ನೂ ಬಂದಿಲ್ಲ, ಗೋಡೆ ಎತ್ತಿದರೆ ಓಲಾಡಿ ಕುಸಿಯುತ್ತದೆ, ನನ್ನ ಕೈಗೆ ಈ ವಿದ್ಯೆ ಹತ್ತುವುದಿಲ್ಲವೇನೋ ಎಂದು ಕೇಳಿದ್ದೀರಿ. ದಯವಿಟ್ಟು ಕೈಯನ್ನು ದೂರಬೇಡಿ. ವಾರಕ್ಕೆ 2 ಗಂಟೆಯಂತೆ ಲೆಕ್ಕ ಹಾಕಿದರೆ ಆರು ತಿಂಗಳಿಗೆ ಸುಮಾರು 50 ಗಂಟೆ. ಮಣ್ಣು ನಾದುವ, ಚಕ್ರ ತೊಳೆಯುವ ಹೊತ್ತನ್ನು ಕಳೆದರೆ ನಿಮ್ಮ ಅಂಗೈ ತಿರುಗುವ ಮಣ್ಣಿನ ಮೇಲಿದ್ದದ್ದು ಅದರ ಅರ್ಧವೂ ಇರಲಾರದು. ಬಿಡುವ ಮಾತು ಈಗಲೇ ಬೇಡ.

ನಾನೂ ಬೆಂಗಳೂರಿನಲ್ಲೇ ಕಲಿತವಳು. ಮೊದಲ ವರ್ಷ ಮಣ್ಣಿನ ಜೊತೆ ಜಗಳವಾಡುವ ಹಾಗೆ ಭುಜದ ಬಲವನ್ನೆಲ್ಲ ಹಾಕಿ ತಳ್ಳುತ್ತಿದ್ದೆ. ಒಮ್ಮೆ ಅಲ್ಲಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಲ್ಲಿ ದೀಪ ಕೊಳ್ಳಲು ಹೋದಾಗ, ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರನ್ನು ಕೇಳಿಯೇಬಿಟ್ಟೆ. ನನ್ನನ್ನು ಕೂರಿಸಿ ಎರಡು ನಿಮಿಷ ನೋಡಿದರು. "ಮಣ್ಣನ್ನು ತಳ್ಳಬೇಡಮ್ಮ. ನೀನು ಅಲುಗಾಡದೆ ಕೂತುಕೋ, ಅದೇ ದಾರಿಗೆ ಬರುತ್ತದೆ" ಎಂದು ನನ್ನ ಎಡ ಮೊಣಕೈಯನ್ನು ಹಿಡಿದು ತೊಡೆಗೆ ಒತ್ತಿ ನಿಲ್ಲಿಸಿದರು. ಅಷ್ಟೇ. ಅಲ್ಲಿಯವರೆಗೆ ನನ್ನ ಮೊಣಕೈ ಗಾಳಿಯಲ್ಲಿತ್ತು; ಚಕ್ರದ ಪ್ರತಿ ಸುತ್ತಿನಲ್ಲೂ ಮಣ್ಣು ಗುದ್ದಿದಾಗಲೆಲ್ಲ ಕೈಯೂ ಅದರ ಜೊತೆ ಹಿಂದೆ ಮುಂದೆ ಹೋಗುತ್ತಿತ್ತು. ಮಣ್ಣು ಕೈಯನ್ನು ಕುಣಿಸುತ್ತಿದ್ದರೆ ಅದು ನಡುವಿಗೆ ಬರುವುದಾದರೂ ಹೇಗೆ? ಮೊಣಕೈ ತೊಡೆಗೋ ಸೊಂಟದ ಮೂಳೆಗೋ ಊರಿರಲಿ, ಎಡ ಅಂಗೈಯ ಬುಡ ಪಕ್ಕದಿಂದ ಒತ್ತಲಿ, ಬಲಗೈ ಮೇಲಿನಿಂದ ಅದುಮಲಿ. ಕಣ್ಣು ಮುಚ್ಚಿ ನೋಡಿ. ಗುದ್ದು ಕಡಿಮೆಯಾಗುತ್ತಾ ಬಂದು ಒಂದು ಗಳಿಗೆಯಲ್ಲಿ ಕೈಯ ಕೆಳಗೆ ಏನೂ ತಿರುಗುತ್ತಿಲ್ಲವೇನೋ ಎನಿಸುತ್ತದೆ. ಆಗ ಕೈಯನ್ನು ಥಟ್ಟನೆ ತೆಗೆಯಬೇಡಿ, ಮೆಲ್ಲನೆ ಸಡಿಲಿಸಿ. ಥಟ್ಟನೆ ತೆಗೆದರೆ ನಡುವಿಗೆ ಬಂದ ಮಣ್ಣು ಮತ್ತೆ ಪಕ್ಕಕ್ಕೆ ವಾಲುತ್ತದೆ.

ಇನ್ನೊಂದು ಕಾರಣ ಚಕ್ರಕ್ಕೆ ಏರುವ ಮೊದಲೇ ಇರುತ್ತದೆ. ಚೀಲದ ಬಾಯಿ ಸರಿಯಾಗಿ ಕಟ್ಟದೆ ಇಟ್ಟ ಮಣ್ಣು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಮಾರ್ಚ್, ಏಪ್ರಿಲ್ ತಿಂಗಳ ನಮ್ಮ ಒಣ ಹವೆಯಲ್ಲಿ ಇದು ಇನ್ನೂ ಹೆಚ್ಚು. ಅಂಥ ಮಣ್ಣನ್ನು ಎಷ್ಟು ಪಳಗಿದ ಕೈಯೂ ನೆಟ್ಟಗೆ ಎತ್ತಲಾರದು. ಚೆನ್ನಾಗಿ ನಾದಿ, ತಂತಿಯಿಂದ ಎರಡು ಹೋಳು ಮಾಡಿ ಒಳಗೆ ಬೆರಳಾಡಿಸಿ. ಗಾಳಿಗುಳ್ಳೆ, ಗಂಟು ಸಿಕ್ಕರೆ ಮತ್ತೆ ನಾದಿ.

ಗೋಡೆ ಕುಸಿಯುವುದಕ್ಕೆ ಹೆಚ್ಚಿನ ಪಾಲು ವೇಗವೇ ಕಾರಣ. ಕೋಲಿನಿಂದ ತಿರುಗಿಸುವ ಕುಂಬಾರರ ಹಳೆಯ ಚಕ್ರ, ಅಂದರೆ ತಿಗರಿ, ತಾನಾಗಿ ನಿಧಾನವಾಗುತ್ತಾ ಹೋಗುತ್ತದೆ. ವೇಗವಿದ್ದಾಗ ಮಣ್ಣನ್ನು ನಡುವಿಗೆ ತಂದು, ವೇಗ ಇಳಿಯುವಾಗ ಗೋಡೆ ಎತ್ತುವ ಕ್ರಮವನ್ನು ತಿಗರಿಯೇ ಕುಂಬಾರನಿಗೆ ಕಲಿಸುತ್ತದೆ. ನಮ್ಮ ವಿದ್ಯುತ್ ಚಕ್ರ ಹಾಗೆ ಕಲಿಸುವುದಿಲ್ಲ, ಕಾಲು ಒತ್ತಿದಷ್ಟು ಹೊತ್ತು ಓಡುತ್ತಲೇ ಇರುತ್ತದೆ. ಹಾಗಾಗಿ ಮಣ್ಣಿನ ನಡುವೆ ಬೆರಳು ಒತ್ತಿ ಬಾಯಿ ತೆರೆದ ಮೇಲೆ ವೇಗವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳಿ. ಒಳಗೂ ಹೊರಗೂ ಬೆರಳು ಎದುರುಬದುರಾಗಿರಲಿ, ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಬೆರಳು ಒಂದು ಬೆರಳಗಲಕ್ಕಿಂತ ಹೆಚ್ಚು ಮೇಲೇರದಿರಲಿ. ನೀರು ಕಡಿಮೆ ಬಳಸಿ. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯುತ್ತಿರಿ. ನೀರು ಕುಡಿದ ಗೋಡೆಗೆ ನಿಲ್ಲುವ ತ್ರಾಣವಿರುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಮುಂದಿನ ಎರಡು ತಿಂಗಳು ಒಂದು ಪಾತ್ರೆಯನ್ನೂ ಮನೆಗೆ ಒಯ್ಯಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತೇವಲ್ಲ, ಕಲಿಯುವವರ ಕೈಯಲ್ಲಿ ಆ ದೊಣ್ಣೆಯೂ ಇರಬೇಕು. ಅರ್ಧ ಕಿಲೋ ತೂಗಿದ ಉಂಡೆಗಳನ್ನೇ ಮಾಡಿಕೊಳ್ಳಿ, ಪ್ರತಿ ಉಂಡೆಯಿಂದಲೂ ನೇರ ಗೋಡೆಯ ಲೋಟವನ್ನೇ ಎತ್ತಿ. 12 ಸೆಂಟಿಮೀಟರ್ ಎತ್ತರವನ್ನು ಗುರಿಯಾಗಿಟ್ಟುಕೊಳ್ಳಿ. ಎತ್ತಿದ ಕೂಡಲೇ ತಂತಿಯಿಂದ ಮೇಲಿನಿಂದ ಕೆಳಗೆ ಸೀಳಿ. ಮೊದಲ ಸಲ ಎದೆ ಚುರ್ ಎನ್ನುತ್ತದೆ. ಆದರೆ ಆ ಸೀಳಿನಲ್ಲಿ ಎಲ್ಲವೂ ಕಾಣುತ್ತದೆ: ಮೇಲೆ ಹಾಳೆಯಂತೆ ತೆಳ್ಳಗಾಗಿ ಬುಡದಲ್ಲಿ ಉಳಿದುಹೋದ ದಪ್ಪ ಮಣ್ಣು, ಬೆರಳು ಹೆದರಿ ನಿಂತ ಜಾಗ, ಒಂದೂವರೆ ಸೆಂಟಿಮೀಟರ್ ದಪ್ಪದ ತಳ. ನನ್ನ ಸೀಳುಗಳಲ್ಲಿ ತಿಂಗಳುಗಟ್ಟಲೆ ಬುಡವೇ ದಪ್ಪ. ಮಣ್ಣೆಲ್ಲ ಅಲ್ಲೇ ಉಳಿದರೆ ಎತ್ತರ ಬರುವುದು ಎಲ್ಲಿಂದ ಎಂದು ಕಣ್ಣಾರೆ ಕಂಡ ಮೇಲೆ, ಗೋಡೆ ಎತ್ತಲು ಬೆರಳನ್ನು ಚಕ್ರದ ಮೈಗೇ ತಾಗಿಸಿ ಶುರುಮಾಡುವುದನ್ನು ಕಲಿತೆ.

ತಳವನ್ನು ಬೆರಳಿನಿಂದ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಎರಡು ಮೂರು ಸಲ ಒತ್ತಿ ಬಿಗಿ ಮಾಡುವುದನ್ನೂ ಈಗಲೇ ರೂಢಿಸಿಕೊಳ್ಳಿ. ಮುಂದೆ ಸುಡುವ ಹಂತಕ್ಕೆ ಬಂದಾಗ ತಳದಲ್ಲಿ ಇಂಗ್ಲಿಷಿನ ಎಸ್ ಆಕಾರದ ಬಿರುಕು ಬರುವುದು ಬಹುಮಟ್ಟಿಗೆ ಇದನ್ನು ಬಿಟ್ಟವರಿಗೇ.

ಸೀಳಿದ ಮಣ್ಣು ವ್ಯರ್ಥವಾಗುವುದಿಲ್ಲ. ಪೂರ್ತಿ ಒಣಗಿಸಿ ಬಕೆಟ್ಟಿನ ನೀರಿಗೆ ಹಾಕಿದರೆ ತಾನಾಗಿ ಕರಗುತ್ತದೆ. ಅರೆ ಒಣಗಿದ್ದು ಹಾಗೆ ಕರಗುವುದಿಲ್ಲ. ಕರಗಿದ್ದನ್ನು ನೀರು ಹೀರುವ ಪ್ಲಾಸ್ಟರ್ ಹಲಗೆಯ ಮೇಲೆ ಹರಡಿ ಹದಕ್ಕೆ ತಂದುಕೊಳ್ಳಿ. ನೆಲಕ್ಕೆ ಬಿದ್ದ ಒಣ ಮಣ್ಣನ್ನು ಮಾತ್ರ ಪೊರಕೆಯಿಂದ ಗುಡಿಸಬೇಡಿ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆಯಿಂದ ಒರೆಸಿ.

ಈ ವಾರ ಸೀಳಿದ ನಾಲ್ಕೈದು ಲೋಟಗಳ ಫೋಟೋವನ್ನು ಇಲ್ಲೇ ಹಾಕಿ, ತಳ ಎಷ್ಟು ದಪ್ಪ ಎಂದು ಸ್ಕೇಲಿನಿಂದ ಅಳೆದು ಬರೆಯಿರಿ. ಬೆರಳು ಎಲ್ಲಿ ಬಿಡುತ್ತಿದೆ ಎಂದು ನೋಡಿ ಹೇಳುತ್ತೇನೆ.