ಕೆಂಪು ಗೆರೆ ಬರದಿದ್ದರೆ ಬಾವಿ ನೀರು ಕುಡಿಯಬಹುದಾ?

ಪ್ರಶ್ನೆ: ನಮ್ಮದು ತೋಟದ ಮನೆ. ಕುಡಿಯಲು ತೆರೆದ ಬಾವಿಯ ನೀರೇ ಗತಿ. ಮಳೆಗಾಲದಲ್ಲಿ ಮಕ್ಕಳಿಗೆ ಆಗಾಗ ಭೇದಿ ಆಗುತ್ತದೆ. ಚಿನ್ನದ ನ್ಯಾನೋ ಕಣಗಳಿರುವ ಪಟ್ಟಿ ಅದ್ದಿದರೆ ಹತ್ತು ನಿಮಿಷದಲ್ಲಿ ಮಲದಿಂದ ನೀರಿಗೆ ಸೇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಗೊತ್ತಾಗುತ್ತದಂತೆ. ನಂಬಬಹುದಾ ಮೇಡಂ? ಅದಕ್ಕೆ ಚಿನ್ನವೇ ಯಾಕೆ?

ಉತ್ತರ: ಮೊದಲು ಚಿನ್ನದ ವಿಷಯ. ಅದನ್ನು 20 ನ್ಯಾನೋಮೀಟರಿನಷ್ಟು (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸಣ್ಣ ಕಣವಾಗಿಸಿ ನೀರಲ್ಲಿ ತೇಲಿಬಿಟ್ಟರೆ ಹಳದಿಯಾಗಿ ಉಳಿಯುವುದಿಲ್ಲ, ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಾಗುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ ಇದನ್ನು 1857ರಲ್ಲೇ ವಿವರಿಸಿದ್ದರು. ನನಗೆ ಇಂದಿಗೂ ಬೆರಗು ಹುಟ್ಟಿಸುವ ಬಣ್ಣ ಅದು.

ಈ ಕಣಗಳ ಮೈಗೆ ಪ್ರತಿಕಾಯಗಳನ್ನು ಅಂಟಿಸುತ್ತಾರೆ. ಪ್ರತಿಕಾಯ ಅಂದರೆ ತನಗೆ ಬೇಕಾದ ಬ್ಯಾಕ್ಟೀರಿಯಾವನ್ನು ಗುರುತು ಹಿಡಿದು ಕಚ್ಚಿಕೊಳ್ಳುವ ಪ್ರೋಟೀನು. ಇ. ಕೋಲಿಯ ಉದ್ದ ಸುಮಾರು 2000 ನ್ಯಾನೋಮೀಟರ್. ಹಾಗಾಗಿ ಒಂದೊಂದರ ಮೈಮೇಲೂ ಚಿನ್ನದ ಕಣಗಳು ಮುತ್ತಿಕೊಳ್ಳುತ್ತವೆ. ಪಟ್ಟಿಯ ನಡುವೆ ಸಾಲಾಗಿ ಕೂರಿಸಿದ ಇನ್ನಷ್ಟು ಪ್ರತಿಕಾಯಗಳು ಆ ಬ್ಯಾಕ್ಟೀರಿಯಾವನ್ನು ಹಿಡಿದು ನಿಲ್ಲಿಸುತ್ತವೆ. ಅದರ ಮೈಮೇಲಿನ ಚಿನ್ನದ ಕಣಗಳಿಂದ ಅಲ್ಲಿ ಕೆಂಪು ಗೆರೆ ಮೂಡುತ್ತದೆ. ಕೋವಿಡ್ ಕಿಟ್ಟಿನಲ್ಲಿ ನೋಡಿರುತ್ತೀರಿ ಅಲ್ವಾ, ಅದೇ ವಿದ್ಯೆ.

ಆದರೆ ತೊಡಕು ಇಲ್ಲಿದೆ. ಗೆರೆ ಕಣ್ಣಿಗೆ ಕಾಣಬೇಕಾದರೆ ಸಾಮಾನ್ಯವಾಗಿ ಒಂದೊಂದು ಮಿಲಿಲೀಟರಿನಲ್ಲೂ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇರಬೇಕು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿಯೂ ಸಿಗಬಾರದು. ಎಷ್ಟು ಅಂತರ ನೋಡಿ! ಗೆರೆ ಬಂದರೆ ನೀರು ಕೆಟ್ಟಿದೆ ಎಂದುಕೊಳ್ಳಿ. ಬರಲಿಲ್ಲ ಎಂದು ಮಾತ್ರ ದಯವಿಟ್ಟು ಮಕ್ಕಳಿಗೆ ಹಾಗೇ ಕುಡಿಸಬೇಡಿ.

ಲ್ಯಾಬಿನಲ್ಲಿ ಇದಕ್ಕೆ ದಾರಿಗಳಿವೆ. ಪ್ರತಿಕಾಯ ಅಂಟಿಸಿದ ಕಬ್ಬಿಣದ ಆಕ್ಸೈಡ್ ಕಣಗಳನ್ನು ನೀರಿಗೆ ಬೆರೆಸಿ, ಬ್ಯಾಕ್ಟೀರಿಯಾ ಸಮೇತ ಅಯಸ್ಕಾಂತದಿಂದ ಒಂದೆಡೆ ಸೆಳೆಯುತ್ತಾರೆ. ಇಲ್ಲವೇ ಕೆಲವು ಗಂಟೆ ಬೆಳೆಯಲು ಬಿಟ್ಟು ಆಮೇಲೆ ಪಟ್ಟಿ ಅದ್ದುತ್ತಾರೆ. ಆಗ ಹತ್ತು ನಿಮಿಷದ ಮಾತು ಉಳಿಯುವುದಿಲ್ಲ. ಇನ್ನೊಂದು, ಸತ್ತ ಬ್ಯಾಕ್ಟೀರಿಯಾಕ್ಕೂ ಗೆರೆ ಬರಬಹುದು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯಲ್ಲಿ ಸುಮ್ನೆ ಗಾಬರಿಯಾದೀತು.

ಸದ್ಯಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಎಚ್ ಟು ಎಸ್ ಬಾಟಲಿ, ಅಂದರೆ ಮಲದ ಸೋಂಕು ಪರೀಕ್ಷಿಸುವ ಪುಟ್ಟ ಬಾಟಲಿ, ಕೇಳಿ ನೋಡಿ. ನೀರು ತುಂಬಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ನೀರಿಗೆ ಮಲದ ಸೋಂಕು ಸೇರಿರುವ ಸಾಧ್ಯತೆ ಜಾಸ್ತಿ. ಕಪ್ಪಾಗದಿದ್ದರೂ ಒಮ್ಮೆ ಲ್ಯಾಬಿಗೆ ಕೊಡಿ. ಅಲ್ಲಿವರೆಗೆ ನೀರನ್ನು ಕೊತಕೊತ ಕುದಿಸಿಯೇ ಕುಡಿಸಿ, ಮಕ್ಕಳನ್ನು ವೈದ್ಯರಿಗೂ ತೋರಿಸಿ. ಶೌಚಾಲಯದ ಗುಂಡಿ ಬಾವಿಯಿಂದ ಎಷ್ಟು ದೂರ ಇದೆ, ಬಾವಿಗಿಂತ ಎತ್ತರದಲ್ಲಿದೆಯಾ ಎಂದು ನೀವು ಬರೆದಿಲ್ಲ. ನೋಡಿ ತಿಳಿಸುತ್ತೀರಾ?