ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಉದ್ಯಮಿಯ ಸಿಟ್ಟು, ಭಯ ಮತ್ತು ನಿರ್ಧಾರ

ಪ್ರಶ್ನೆ: 6 ವರ್ಷದಿಂದ ಸಣ್ಣದೊಂದು ಪ್ಯಾಕೇಜಿಂಗ್ ಘಟಕ ನಡೆಸುತ್ತಿದ್ದೇನೆ. 14 ಜನ ಕೆಲಸಕ್ಕಿದ್ದಾರೆ. ಹೋದ ತಿಂಗಳು ನಮ್ಮ ಅತಿ ದೊಡ್ಡ ಗಿರಾಕಿ ಏಕಾಏಕಿ ಆರ್ಡರ್ ನಿಲ್ಲಿಸಿದರು. ಅದೇ ದಿನ ಮಧ್ಯಾಹ್ನ, ಒಂದು ಸಣ್ಣ ತಪ್ಪಿಗೆ ನಮ್ಮ ಹಳೆಯ ಸೂಪರ್‌ವೈಸರ್‌ನನ್ನು ಎಲ್ಲರ ಮುಂದೆ ಬೈದು ಕೆಲಸದಿಂದ ತೆಗೆದುಬಿಟ್ಟೆ. ಎರಡು ದಿನ ಕಳೆದ ಮೇಲೆ ಭಯ ಶುರುವಾಯಿತು. ಇನ್ನೊಬ್ಬ ಗಿರಾಕಿಗೆ ಅವರು ಕೇಳದೇ ಇದ್ದರೂ ರೇಟು ಇಳಿಸಿದೆ. ಈಗ ಪ್ರಿಂಟಿಂಗ್ ವಿಭಾಗ ಮುಚ್ಚಬೇಕಾ ಎಂದು ತಲೆ ಕೆಟ್ಟುಹೋಗಿದೆ. 3 ವರ್ಷದಿಂದ ಅದು ನಷ್ಟದಲ್ಲಿದೆ. ಆದರೆ ನಾನು ಮೊದಲು ಶುರು ಮಾಡಿದ್ದೇ ಪ್ರಿಂಟಿಂಗ್. ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ ಮೇಡಂ. 'ಬಿಸಿನೆಸ್‌ನಲ್ಲಿ ಭಾವನೆ ಇಟ್ಟುಕೊಳ್ಳಬಾರದು' ಎನ್ನುತ್ತಾರೆ ಎಲ್ಲರೂ. ಅದು ಹೇಗೆ ಸಾಧ್ಯ?

ಉತ್ತರ: ಸಾಧ್ಯವಿಲ್ಲ. ದಯವಿಟ್ಟು ಆ ಪ್ರಯತ್ನಕ್ಕೆ ಕೈ ಹಾಕಬೇಡಿ.

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರ ಬಳಿಗೆ ಒಬ್ಬ ರೋಗಿ ಬಂದಿದ್ದರು. ತಮ್ಮ ಬರಹಗಳಲ್ಲಿ ಡಮಾಸಿಯೊ ಆ ರೋಗಿಯನ್ನು ಎಲಿಯಟ್ ಎಂದು ಕರೆದಿದ್ದಾರೆ. ಮಿದುಳಿನ ಮುಂಭಾಗದಲ್ಲಿ ಗಡ್ಡೆ ಬೆಳೆದು ಆಪರೇಷನ್ ಆಗಿತ್ತು. ಬುದ್ಧಿ ಪರೀಕ್ಷೆಗಳಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ನೆನಪು ಚೆನ್ನಾಗಿತ್ತು, ಲೆಕ್ಕವೂ ಚೆನ್ನಾಗಿತ್ತು. ಆದರೆ ಭಾವನೆ ಬತ್ತಿಹೋಗಿತ್ತು. ತಮ್ಮ ಕಷ್ಟವನ್ನು ತಾವೇ ಯಾರದೋ ಕಥೆಯಂತೆ ಹೇಳುತ್ತಿದ್ದರು. ನಿಮಗೆ ಸಲಹೆ ಕೊಡುವವರ ಪ್ರಕಾರ ಅವರು ಬಹಳ ಒಳ್ಳೆಯ ವ್ಯಾಪಾರಿ ಆಗಬೇಕಿತ್ತು, ಅಲ್ವಾ? ಆಗಿದ್ದೇ ಬೇರೆ. ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಲಿ ಎಂದು ಯೋಚಿಸುತ್ತಲೇ ಮಧ್ಯಾಹ್ನವೆಲ್ಲ ಕಳೆದುಬಿಡುತ್ತಿದ್ದರು. ಕೆಲಸ ಹೋಯಿತು. ಸ್ನೇಹಿತರು ಬೇಡ ಎಂದರೂ ಕೇಳದೆ, ಹೆಸರು ಕೆಡಿಸಿಕೊಂಡಿದ್ದ ಒಬ್ಬನ ಜೊತೆ ವ್ಯವಹಾರಕ್ಕೆ ಇಳಿದು ಕೂಡಿಟ್ಟ ಹಣವನ್ನೆಲ್ಲ ಕಳೆದುಕೊಂಡರು. 'ಇದ್ಯಾಕೋ ಸರಿ ಕಾಣ್ತಿಲ್ಲ' ಎಂದು ಒಳಗಿನಿಂದ ಎಳೆದು ನಿಲ್ಲಿಸುವ ಅಳುಕು ಅವರಲ್ಲಿ ಉಳಿದಿರಲಿಲ್ಲ.

ಆ ಅಳುಕು ನಿಮ್ಮಲ್ಲಿದೆ. ಅದನ್ನು ಕೊಲ್ಲಬೇಡಿ.

ಹಾಗಾದರೆ ತಪ್ಪಿದ್ದು ಎಲ್ಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎನ್ನುತ್ತೇವಲ್ಲ, ಅಲ್ಲಿ. ಸಿಟ್ಟು ಬಂದಿದ್ದು ಗಿರಾಕಿಯ ಮೇಲೆ, ಬಿದ್ದಿದ್ದು ಸೂಪರ್‌ವೈಸರ್ ಮೇಲೆ. ಹೆದರಿಸಿದ್ದು ಒಬ್ಬ ಗಿರಾಕಿ, ರೇಟು ಇಳಿದಿದ್ದು ಇನ್ನೊಬ್ಬರಿಗೆ. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಮನಶ್ಶಾಸ್ತ್ರಜ್ಞೆ ಜೆನಿಫರ್ ಲರ್ನರ್ ಮತ್ತು ಜೊತೆಗಾರರು 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ದುಃಖದ ದೃಶ್ಯವೊಂದನ್ನು ತೋರಿಸಿ, ಆಮೇಲೆ ಅವರ ಕೈಯಲ್ಲಿದ್ದ ವಸ್ತುವನ್ನು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ದೃಶ್ಯಕ್ಕೂ ವಸ್ತುವಿಗೂ ಏನೇನೂ ಸಂಬಂಧವಿರಲಿಲ್ಲ. ಆದರೂ ದುಃಖದಲ್ಲಿದ್ದವರು ಕಡಿಮೆ ಬೆಲೆಗೇ ಕೊಡಲು ತಯಾರಾದರು. ನೀವು ರೇಟು ಇಳಿಸಿದ ದಿನ ನಿಮ್ಮ ಮನಸ್ಸು ಹೇಗಿತ್ತು, ನೆನಪು ಮಾಡಿಕೊಳ್ಳಿ.

ಇನ್ನೊಂದು ವಿಷಯ. ಸಿಟ್ಟು ಮತ್ತು ಭಯ ಎರಡೂ ಕೆಟ್ಟ ಭಾವನೆ ಎಂದು ಒಂದೇ ಬುಟ್ಟಿಗೆ ಹಾಕುತ್ತೇವೆ. ಅವು ನಮ್ಮನ್ನು ಎಳೆಯುವುದು ಎರಡು ದಿಕ್ಕಿಗೆ. ಲರ್ನರ್ ಮತ್ತು ಡ್ಯಾಕರ್ ಕೆಲ್ಟ್ನರ್ 2001ರಲ್ಲಿ ಕಂಡುಕೊಂಡಂತೆ, ಭಯದಲ್ಲಿರುವವರಿಗೆ ಎಲ್ಲೆಲ್ಲೂ ಅಪಾಯ ಕಾಣುತ್ತದೆ. ಸಿಟ್ಟಿನಲ್ಲಿರುವವರಿಗೆ ಅಪಾಯ ಚಿಕ್ಕದಾಗಿ ಕಾಣುತ್ತದೆ. 'ಅವನು ಹೋದರೆ ಹೋಗಲಿ, ನಾನು ನೋಡ್ಕೋತೀನಿ' ಎನ್ನಿಸುವುದು ಸಿಟ್ಟಿನಲ್ಲೇ. ನನಗೆ ಭಯಕ್ಕಿಂತ ಸಿಟ್ಟಿನ ಬಗ್ಗೆಯೇ ಚಿಂತೆ ಜಾಸ್ತಿ. ಭಯದಲ್ಲಿರುವವರಿಗೆ ತಾವು ಹೆದರಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ. ಸಿಟ್ಟಿನಲ್ಲಿರುವವರಿಗೆ ತಾವು ಹೇಳುವುದೇ ಸರಿ ಎನ್ನಿಸಿಬಿಟ್ಟಿರುತ್ತದೆ.

ಮುಂದಿನ ಸಲ ಇಂಥ ದಿನ ಬಂದಾಗ ಒಂದು ಹಾಳೆ ತೆಗೆದುಕೊಳ್ಳಿ. ಏನನ್ನಿಸುತ್ತಿದೆ ಎಂದು ಸರಿಯಾದ ಪದದಲ್ಲಿ ಬರೆಯಿರಿ. 'ಟೆನ್ಷನ್' ಎಂದು ಬರೆಯಬೇಡಿ. ಆ ಒಂದು ಪದದೊಳಗೆ ನಾವು ಅವಮಾನ, ಹೆದರಿಕೆ, ಹೊಟ್ಟೆಕಿಚ್ಚು, ಬರೀ ಸುಸ್ತು, ಎಲ್ಲವನ್ನೂ ತುರುಕಿಬಿಡುತ್ತೇವೆ. ಭಾವನೆಗೆ ಹೆಸರಿಟ್ಟಾಗ ಭಯದಂಥ ಭಾವನೆಗಳಿಗೆ ಸ್ಪಂದಿಸುವ, ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆ ತಗ್ಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು. ಹೆಸರು ಬರೆದ ಮೇಲೆ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಇದು ಎಲ್ಲಿಂದ ಬಂತು? ನಾನೀಗ ಮಾಡಹೊರಟಿರುವ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸಂಬಂಧ ಇಲ್ಲದಿದ್ದರೆ ಆ ಕೆಲಸ ನಾಳೆಗೆ ಇರಲಿ. ಸಂಬಂಧ ಇದ್ದರೆ ಆ ಭಾವನೆ ಏನು ಹೇಳುತ್ತಿದೆ ಎಂದು ಕೂತು ಕೇಳಿ. ನಿಮ್ಮ ಭಯವನ್ನೇ ತೆಗೆದುಕೊಳ್ಳಿ. ಅದು ಸುಳ್ಳು ಹೇಳುತ್ತಿಲ್ಲ. ಒಬ್ಬ ಗಿರಾಕಿ ಹೋದರೆ ಇಡೀ ಘಟಕ ಅಲ್ಲಾಡುತ್ತದೆ ಎನ್ನುತ್ತಿದೆ. ಅದು ನಿಜ. ಅದಕ್ಕೆ ಉತ್ತರ ಇರುವುದು ಲೆಕ್ಕದ ಪುಸ್ತಕದಲ್ಲಿ. ಆದಾಯದ ಎಷ್ಟು ಪಾಲು ಯಾವ ಗಿರಾಕಿಯಿಂದ ಬರುತ್ತಿದೆ? ಈಗಿರುವ ನಗದಿನಲ್ಲಿ ಸಂಬಳ, ಬಾಡಿಗೆ, ಸಾಲದ ಕಂತು ಕಟ್ಟಿಕೊಂಡು ಎಷ್ಟು ತಿಂಗಳು ತಳ್ಳಬಹುದು? ಈ ಎರಡು ಅಂಕಿ ಕೈಗೆ ಬಂದ ಮೇಲೆ ಭಯ ಪೂರ್ತಿ ಹೋಗದಿದ್ದರೂ ಅದಕ್ಕೊಂದು ಅಳತೆ ಸಿಗುತ್ತದೆ. ಐದು ತಿಂಗಳು ಸಮಯ ಇದೆ ಎಂದು ಗೊತ್ತಿರುವವರು ಕೇಳದವರಿಗೆಲ್ಲ ರೇಟು ಇಳಿಸುವುದಿಲ್ಲ.

ಈಗ ಪ್ರಿಂಟಿಂಗ್ ವಿಭಾಗ. ಇಲ್ಲಿ ನಿಮ್ಮನ್ನು ಕಟ್ಟಿಹಾಕಿರುವುದು ಮಮತೆ, ಜೊತೆಗೆ ನಷ್ಟದ ನೋವು. ಗಳಿಸಿದಾಗ ಆಗುವ ಖುಷಿಗಿಂತ ಅಷ್ಟನ್ನೇ ಕಳೆದುಕೊಂಡಾಗ ಆಗುವ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಹೇಳಿದ್ದರು. ಮುಚ್ಚಿದರೆ ನಷ್ಟ ಖಾಯಂ ಆಗಿಬಿಡುತ್ತದೆ ಎಂಬ ಸಂಕಟಕ್ಕೇ ನಾವು ಇನ್ನಷ್ಟು ಹಣ ಸುರಿಯುತ್ತೇವೆ.

ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿಗೂ ಇದೇ ಪರಿಸ್ಥಿತಿ ಬಂದಿತ್ತು. 1968ರಲ್ಲಿ ಹುಟ್ಟಿದ ಆ ಕಂಪನಿಗೆ ಹೆಸರು ತಂದಿದ್ದು ಮೆಮೊರಿ ಚಿಪ್. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಪೈಪೋಟಿ ಮುಂದೆ ಅದೇ ಚಿಪ್ ನಷ್ಟದ ಬಾಬತ್ತಾಯಿತು. ಮುಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. 1985ರಲ್ಲಿ ಒಂದು ದಿನ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್, ಮುಖ್ಯಸ್ಥ (ಸಿಇಒ) ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ತೆಗೆದುಹಾಕಿ ಹೊಸ ಮುಖ್ಯಸ್ಥರನ್ನು ತಂದರೆ ಅವರು ಏನು ಮಾಡುತ್ತಾರೆ? ಮೆಮೊರಿ ವ್ಯಾಪಾರ ಬಿಡುತ್ತಾರೆ ಎಂದರು ಮೂರ್. ಹಾಗಾದರೆ ನಾವೇ ಬಾಗಿಲಾಚೆ ಹೋಗಿ, ಒಳಗೆ ಬಂದು, ಆ ಕೆಲಸ ಯಾಕೆ ಮಾಡಬಾರದು ಎಂದರು ಗ್ರೋವ್. ಮಾಡಿದರು. ಸುಲಭವಾಗಿರಲಿಲ್ಲ, ಸಾವಿರಾರು ಜನ ಕೆಲಸ ಕಳೆದುಕೊಂಡರು. ಕಂಪನಿ ಮೈಕ್ರೊಪ್ರೊಸೆಸರ್ ಕಡೆ, ಅಂದರೆ ಕಂಪ್ಯೂಟರ್‌ನ ಲೆಕ್ಕ ನಡೆಸುವ ಚಿಪ್ ಕಡೆ, ತಿರುಗಿ ಉಳಿಯಿತು.

ನೀವೂ ಬಾಗಿಲಾಚೆ ಹೋಗಿ ಬನ್ನಿ. ಈ ಘಟಕವನ್ನು ಇವತ್ತಷ್ಟೇ ಕೊಂಡವರಂತೆ ಒಳಗೆ ಕಾಲಿಡಿ. ಪ್ರಿಂಟಿಂಗ್ ಇಲ್ಲದಿದ್ದರೆ ಹೊಸದಾಗಿ ಶುರು ಮಾಡುತ್ತಿದ್ದಿರಾ? ಉತ್ತರ 'ಇಲ್ಲ' ಎಂದು ಬಂದರೂ ಅವತ್ತೇ ಬೀಗ ಹಾಕಬೇಡಿ. ಬರೆದಿಟ್ಟು ಎರಡು ವಾರ ಬಿಟ್ಟು ಇನ್ನೊಮ್ಮೆ ಕೇಳಿಕೊಳ್ಳಿ. ವಾಪಸ್ ಪಡೆಯಬಹುದಾದ ನಿರ್ಧಾರಕ್ಕೆ ಒಂದು ರಾತ್ರಿ ಸಾಕು. ಮುಚ್ಚುವುದು, ಸಾಲ, ಪಾಲುದಾರಿಕೆ, ಜನರನ್ನು ತೆಗೆಯುವುದು, ಇವಕ್ಕೆ ಎರಡು ಬೇರೆ ಬೇರೆ ಮನಸ್ಥಿತಿಯ ದಿನಗಳಲ್ಲಿ ಒಂದೇ ಉತ್ತರ ಬರಬೇಕು.

ಕೊನೆಗೆ ಸೂಪರ್‌ವೈಸರ್. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅವರ ಮನೆಗೆ ನೀವೇ ಹೋಗಿ. ಗಿರಾಕಿ ಹೋದ ಕಥೆ ಹೇಳಿ ಸಮಜಾಯಿಷಿ ಕೊಡಬೇಡಿ. 'ನನ್ನದು ತಪ್ಪಾಯಿತು' ಎನ್ನಿ, ಸಾಕು. ಬೈದಿದ್ದು ಎಲ್ಲರ ಮುಂದೆ, ಹಾಗಾಗಿ ಅದೇ 14 ಜನರ ಮುಂದೆಯೂ ಒಪ್ಪಿಕೊಳ್ಳಿ. ಅವರು ಕೆಲಸಕ್ಕೆ ವಾಪಸ್ ಬರದೇ ಇರಬಹುದು. ಆದರೂ ಹೋಗಿ.

ಪ್ರಶ್ನೆ: ಚಿಂತೆ ಸಿಬ್ಬಂದಿಗೆ ಕಾಣಬಾರದೆಂದು ದಿನವಿಡೀ ನಗುಮುಖದಲ್ಲೇ ಇರುತ್ತೇನೆ. ಮೀಟಿಂಗ್ ಮುಗಿದ ಮೇಲೆ ಯಾರು ಏನು ಹೇಳಿದರು ಎಂಬುದೇ ನೆನಪಿರುವುದಿಲ್ಲ. ಯಾಕೆ ಹೀಗೆ?

ಉತ್ತರ: ಮುಖವನ್ನು ಕಾಯುವುದೇ ಒಂದು ಕೆಲಸ. ಮನಶ್ಶಾಸ್ತ್ರಜ್ಞರಾದ ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾವನೆಯನ್ನು ಮುಖದ ಮೇಲೆ ತೋರಿಸದಂತೆ ಅದುಮಿಟ್ಟವರಿಗೆ ಆ ಹೊತ್ತಿನಲ್ಲಿ ನಡೆದದ್ದು ಕಡಿಮೆ ನೆನಪಿತ್ತು. ನಿಮಗೆ ಆಗುತ್ತಿರುವುದೂ ಇದೇ ಇರಬಹುದು. ಸಿಬ್ಬಂದಿಗೆ ಎಲ್ಲವನ್ನೂ ತೋಡಿಕೊಳ್ಳಬೇಕಿಲ್ಲ. 'ಈ ತಿಂಗಳು ಹಣದ ಬಿಗಿ ಇದೆ, ನನಗೂ ಚಿಂತೆ ಇದೆ, ನಾವು ಮಾಡುತ್ತಿರುವುದು ಇಷ್ಟು' ಎಂದು ಮೀಟಿಂಗ್ ಶುರುವಿನಲ್ಲೇ ಹೇಳಿಬಿಡಿ. ನಿಮ್ಮ ಮುಖ ಅವರು ಆಗಲೇ ಓದಿರುತ್ತಾರೆ. ಹೇಳಿದ ಮೇಲೆ, ಅವರು ಆಡುವ ಮಾತು ನಿಮ್ಮ ಕಿವಿಗೆ ಬೀಳುತ್ತದೆ.