ಕಲಬುರಗಿಯಲ್ಲಿ ಮನೆಯಲ್ಲೇ ಎಚಿಂಗ್ (ತಗಡಿನ ಪ್ಲೇಟಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಇಂಕು ತುಂಬಿ, ಕಾಗದಕ್ಕೆ ಒತ್ತುವ ಕಲೆ) ಮಾಡುತ್ತೇನೆ. ದಿನವೂ ಪ್ರಯೋಗ, ಒಂದೂ ಪ್ರಿಂಟ್ ಮುಗಿಯುವುದಿಲ್ಲ. ಪ್ರಯೋಗ ಬಿಟ್ಟು ಒಂದು ಸರಣಿ ಮುಗಿಸಲೇ, ಇಲ್ಲ ಬರೋಡಾದ ಕಲಾ ಕಾಲೇಜಿಗೆ ಹೋಗಲೇ?

ಎರಡೂ ಬೇಡ. ಸತುವಿನ ತಗಡು, ಒಂದು ಕೋಣೆ, ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಅರ್ಧಂಬರ್ಧ ಪ್ರೂಫುಗಳು, ಅಂದ್ರೆ ಪರೀಕ್ಷೆಗೆ ತೆಗೆದ ಪ್ರಿಂಟುಗಳು. ನಿಮ್ಮ ಪ್ರಶ್ನೆ ಓದಿದರೆ ನನ್ನ ಹಳೇ ಮನೆಯ ಫೋಟೊ ನೋಡಿದಂಗಾಯ್ತು.

ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ ಊರಿಗೆ ಬಂದವನು ಲೇತ್ ಅಂಗಡಿಯಲ್ಲಿ ಒಂದು ಚಿಕ್ಕ ಪ್ರೆಸ್ ಮಾಡಿಸಿಕೊಂಡಿದ್ದೆ. ಓಣಿಯವರೆಲ್ಲ ಅದನ್ನು ಕಬ್ಬಿನ ಹಾಲಿನ ಮಷೀನ್ ಅಂತಲೇ ತಿಳಿದಿದ್ದರು. ನಾನೂ ನಿಮ್ಮಂತೆಯೇ ದಿನಕ್ಕೊಂದು ಆಟ ಆಡುತ್ತಿದ್ದೆ. ಇವತ್ತು ಇಂಕಿಗೆ ಎಣ್ಣೆ ಹೆಚ್ಚು, ನಾಳೆ ಬೇರೆ ಕಾಗದ, ನಾಡಿದ್ದು ಪ್ರೆಸ್ಸಿನ ಬಿಗಿ ಸಡಿಲ. ಒಂದು ಚಳಿಗಾಲದಲ್ಲಿ ಒಂದು ಪ್ಲೇಟ್ ಕೈಹಿಡಿಯಿತು. ತೊಗರಿ ರಾಶಿ ಮಾಡುವ ಕಣ, ಮಷೀನಿನ ಬಾಯಿಂದ ಏಳುವ ಹೊಟ್ಟಿನ ಧೂಳು, ಹಿಂದೆ ಮುಳುಗುವ ಹೊತ್ತು. ಗೆರೆಗಳ ಮೇಲೆ ತೆಳ್ಳಗೆ ಕಂದು ಪರದೆಯಂತೆ ಇಂಕು ಕೂತು, ಧೂಳು ಅಂದ್ರೆ ಅದೇ ಧೂಳು. ಒಬ್ಬರು ಲಾಡ್ಜ್ ಕಟ್ಟಿಸುತ್ತಿದ್ದರು, ನೋಡಿದವರೇ ರೂಮುಗಳಿಗೆ 20 ಪ್ರತಿಯ ಎಡಿಷನ್ (ಒಂದೇ ಪ್ಲೇಟಿನಿಂದ ಒಂದೇ ತರಹ ತೆಗೆದು ನಂಬರ್ ಹಾಕಿದ ಪ್ರಿಂಟುಗಳು) ಬೇಕು ಅಂತ ಮುಂಗಡ ಕೊಟ್ಟರು. ಬೇಸಿಗೆಯಲ್ಲಿ ಕೊಡ್ತೀನಿ ಅಂದೆ.

ಮೇ ತಿಂಗಳಲ್ಲಿ ಶುರು ಮಾಡಿದೆ. ಅದೇ ಪ್ಲೇಟು, ಅದೇ ಇಂಕು. ಬಂದದ್ದು ಬೋಳು ಪ್ರಿಂಟ್. ಅವರು ಒಂದನ್ನು ಕೈಯಲ್ಲಿ ಹಿಡಿದು, "ಇದ್ರಾಗ ಧೂಳೇ ಇಲ್ಲಲ್ರಿ?" ಅಂದರು.

ಇಲ್ಲಿಂದ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನನ್ನ ದುಡ್ಡು, ಪ್ಲೇಟು, ಆ ಗಿರಾಕಿ ಮೂರೂ ಹೋದದ್ದು ಇಲ್ಲೇ. ಚಳಿಯಲ್ಲಿ ಎಚಿಂಗ್ ಇಂಕು ಗಟ್ಟಿಯಾಗಿರುತ್ತದೆ. ಗಂಜಿ ಹಾಕಿದ ಜಾಳು ಬಟ್ಟೆಯಿಂದ ಎಷ್ಟು ಒರೆಸಿದರೂ ತಗಡಿನ ಮೈಮೇಲೆ ತೆಳುವಾದ ಒಂದು ಪದರ ಉಳಿದೇ ಉಳಿಯುತ್ತದೆ. ನನ್ನ ಧೂಳು ಅದೇ. ಆಸಿಡ್ ಕಚ್ಚಿದ ಕುಳಿಯಲ್ಲಿ ಅದು ಇರಲೇ ಇಲ್ಲ. ಮೇ ತಿಂಗಳಲ್ಲಿ ನಮ್ಮೂರಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಶೀಟಿನ ಕೋಣೆಯಲ್ಲಿ ಇಂಕು ತೆಳುವಾಗಿ, ಒಂದು ಸಲ ಬಟ್ಟೆ ಆಡಿಸಿದರೆ ಮೈ ಪೂರಾ ಸ್ವಚ್ಛ. ಮೇಲಾಗಿ ನೆನೆಸಿದ ಕಾಗದ ಪ್ರೆಸ್ಸಿನ ತನಕ ಹೋಗುವುದರೊಳಗೇ ಅಂಚಿನಿಂದ ಒಣಗಲು ಶುರು. ಒಣ ಕಾಗದ ಗೆರೆಯೊಳಗೆ ಇಳಿಯುವುದಿಲ್ಲ, ಇಂಕನ್ನು ಎತ್ತುವುದೂ ಇಲ್ಲ. ಪ್ಲೇಟಿನಲ್ಲಿ ಏನೂ ತಪ್ಪಿರಲಿಲ್ಲ. ನಸುಕಿನಲ್ಲಿ ಎದ್ದು, ಇಂಕನ್ನು ಒಂಚೂರು ಗಟ್ಟಿ ಮಾಡಿಕೊಂಡು, ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಒಂದೊಂದೇ ತೆಗೆದಿದ್ದರೆ ಮುಗಿದಿತ್ತು.

ಆದರೆ ಚಳಿಗಾಲದ ಆ ಪ್ರೂಫಿನ ಹಿಂದೆ ನಾನು ಒಂದಕ್ಷರ ಬರೆದಿಟ್ಟಿರಲಿಲ್ಲ. ಇಂಕಿಗೆ ಏನು ಬೆರೆಸಿದ್ದೆ, ಹೇಗೆ ಒರೆಸಿದ್ದೆ, ಕಾಗದ ಎಷ್ಟು ಹೊತ್ತು ನೆನೆದಿತ್ತು, ಏನೂ ಇಲ್ಲ. ಹೀಗಾಗಿ ಅಕ್ವಾಟಿಂಟೇ (ನೆರಳಿನ ಬಣ್ಣಕ್ಕಾಗಿ ರಾಳದ ಪುಡಿ ಉದುರಿಸಿ ಆಸಿಡ್‌ನಿಂದ ಮಾಡುವ ಸಣ್ಣ ಸಣ್ಣ ಕುಳಿಗಳು) ಸವೆದಿದೆ ಅಂತ ತೀರ್ಮಾನ ಮಾಡಿದೆ. ಸತು ಮೆದು ಲೋಹ, ಪ್ರೂಫ್ ತೆಗೆದಷ್ಟೂ ಸವೆಯುವುದು ನಿಜವೇ, ಆದ್ದರಿಂದ ತರ್ಕ ಸರಿಯಾಗೇ ಕಂಡಿತು. ಮತ್ತೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ ಅಂಟಿಸಿ, ನೈಟ್ರಿಕ್ ಆಸಿಡ್‌ಗೆ ಬಿಟ್ಟೆ. ಕಾಲೇಜಿನಲ್ಲಿ ಕಲಿತ ಅಳತೆ, ಕಾಲೇಜಿನಲ್ಲಿ ಕಲಿತ ಹೊತ್ತು. ಮೇ ತಿಂಗಳ ಆಸಿಡ್ ಮೊದಲೇ ಬೆಚ್ಚಗಿರುತ್ತದೆ, ಸತುವಿಗೆ ತಾಗಿದರೆ ತಾನೇ ಇನ್ನಷ್ಟು ಕಾಯುತ್ತದೆ, ಕಾದಷ್ಟೂ ಜೋರಾಗಿ ಕಚ್ಚುತ್ತದೆ. ರಾಳದ ಕಾಳುಗಳ ಬುಡವನ್ನೇ ತಿಂದು ಹಾಕಿತು. ಕಾಳುಗಳು ಕಳಚಿ, ಸಾವಿರ ಸಣ್ಣ ಕುಳಿ ಇರಬೇಕಾದಲ್ಲಿ ಒಂದೇ ಅಗಲ ತಗ್ಗು. ತಗ್ಗಿನಲ್ಲಿ ಇಂಕು ನಿಲ್ಲಲು ಗೋಡೆಯೇ ಇಲ್ಲ, ಒರೆಸಿದರೆ ಹೊರಟೇಹೋಗುತ್ತದೆ. ಕಡುಕಪ್ಪು ಆಗಬೇಕಿದ್ದ ಕಣದ ನೆರಳು ಬೂದಿ ಬಣ್ಣಕ್ಕೆ ತಿರುಗಿತು. ಮುಂಗಡ ವಾಪಸ್ ಕೊಟ್ಟೆ. ಗೊತ್ತಾಗಿದ್ದು ಮುಂದಿನ ಚಳಿಯಲ್ಲಿ, ಬೇರೆ ಯಾವುದೋ ಪ್ಲೇಟಿನ ಮೇಲೆ ಅದೇ ಧೂಳು ತಾನಾಗಿ ಬಂದು ಕೂತಾಗ.

ಬರೆದಿಡದೇ ಇದ್ದದ್ದು ಸೋಮಾರಿತನದಿಂದಲ್ಲ, ಜಂಬದಿಂದ. ಬೀದರಿನಲ್ಲಿ ಬಿದ್ರಿ ಮಾಡುವವರು ಕೋಟೆಯ ಮಣ್ಣನ್ನು ನಾಲಿಗೆ ಮೇಲಿಟ್ಟು ಪರೀಕ್ಷಿಸುವುದು ನಿಮಗೆ ಗೊತ್ತಿರಬೇಕು. ಆ ಮಣ್ಣು, ನವಸಾಗರ ಸೇರಿದ ನೀರಿನಲ್ಲಿ ಅದ್ದಿದರೆ ಸತು-ತಾಮ್ರದ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅವರೂ ಸತುವಿನವರು, ನಾನೂ ಸತುವಿನವನು, ಕೈಗೆ ಎಲ್ಲ ಗೊತ್ತಿರುತ್ತದೆ, ನೋಟ್‌ಬುಕ್ ಕಾಲೇಜು ಹುಡುಗರಿಗೆ ಅಂತ ನನ್ನ ಲೆಕ್ಕ. ಅವರು ಅದೇ ಕೆಲಸವನ್ನು ತಲೆತಲಾಂತರದಿಂದ ದಿನಾ ಮಾಡುತ್ತಾರೆ. ನಾನು ದಿನಾ ಬೇರೆ ಬೇರೆ ಕೆಲಸ ಮಾಡುತ್ತಿದ್ದೆ. ಹಿಂಗಾದರೆ ಕೈಗೆ ಏನು ಗೊತ್ತಾಗಬೇಕು?

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. "ಪ್ರಯೋಗ ಒಂದು ಕಡೆ, ಮುಗಿದ ಕೃತಿ ಇನ್ನೊಂದು ಕಡೆ" ಅನ್ನುವುದು ಪೇಂಟಿಂಗ್‌ನವರ ತಲೆನೋವು. ನಮ್ಮಲ್ಲಿ ಅರ್ಧಕ್ಕೆ ತೆಗೆದ ಪ್ರೂಫೂ ಕೆಲಸವೇ. ಡಚ್ ಕಲಾವಿದ ರೆಂಬ್ರಾಂಟ್ 1653ರಲ್ಲಿ ಮಾಡಿದ 'ತ್ರೀ ಕ್ರಾಸಸ್' ಪ್ಲೇಟನ್ನು ಮುಂದೆ ಬಹಳಷ್ಟು ಕೆರೆದು ಬೇರೆಯೇ ಚಿತ್ರ ಮಾಡಿಬಿಟ್ಟ. ಮ್ಯೂಸಿಯಂಗಳಲ್ಲಿ ಮೊದಲಿನದೂ ಇದೆ, ಆಮೇಲಿನದೂ ಇದೆ, ಯಾವುದನ್ನೂ ಯಾರೂ ಅರ್ಧಂಬರ್ಧ ಅನ್ನುವುದಿಲ್ಲ. ನಿಮ್ಮ ಗೋಡೆಯ ಪ್ರೂಫುಗಳು ಮುಗಿದಿಲ್ಲ ಅನ್ನಿಸುವುದಕ್ಕೆ ಕಾರಣ, ಅವು ಹೇಗೆ ಬಂದವು ಅಂತ ನಿಮಗೇ ಈಗ ನೆನಪಿಲ್ಲ. ನಾಳೆ ಒಂದನ್ನು ಇಳಿಸಿ ಅದೇ ತರಹ ಇನ್ನೊಂದು ತೆಗೆಯಲು ನೋಡಿ. ಬಂದರೆ ಅದು ಮುಗಿದಿದೆ, ನಂಬರ್ ಹಾಕಿ.

ಪ್ರತಿ ಪ್ರೂಫಿನ ಅಂಚಿನಲ್ಲಿ, ಒದ್ದೆ ಇರುವಾಗಲೇ, ಪೆನ್ಸಿಲ್‌ನಿಂದ ಬರೆಯಿರಿ. ತಾರೀಖು, ಹೊತ್ತು, ಸೆಖೆ ಎಷ್ಟಿತ್ತು, ಇಂಕಿಗೆ ಎಣ್ಣೆ ಹಾಕಿದಿರಾ, ಕೊನೆಗೆ ಅಂಗೈಯಿಂದ ಒರೆಸಿದಿರಾ ಬಟ್ಟೆಯಿಂದಲಾ, ಕಾಗದ ಯಾವುದು. ಮೊಬೈಲಿನಲ್ಲಿ ಬೇಡ, ಕಾಗದದ ಮೇಲೆಯೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಆಸಿಡ್ ಪರೀಕ್ಷೆಯನ್ನು ಒಳ್ಳೆ ಪ್ಲೇಟಿನ ಮೇಲೆ ಯಾವತ್ತೂ ಮಾಡಬೇಡಿ, ಅದರದೇ ತಗಡಿನ ಒಂದು ಪಟ್ಟಿ ಕತ್ತರಿಸಿ ಇಟ್ಟುಕೊಂಡಿರಿ.

ಬರೋಡಾ ಒಳ್ಳೆಯ ಜಾಗವೇ. ಆದರೆ ಅಲ್ಲಿಗೆ ಹೋಗುವವರು ಓದಲು, ನಾಲ್ಕು ಜನರ ಕೆಲಸ ನೋಡಲು ಹೋಗಬೇಕು, ಈ ತೊಂದರೆಯಿಂದ ತಪ್ಪಿಸಿಕೊಳ್ಳಲು ಅಲ್ಲ. ಶಹಾಬಾದ್ ಕಲ್ಲಿನ ಮೇಲೆ ಲಿಥೋ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ತೆಗೆಯುವುದು) ಆಗುತ್ತದಾ ಅಂತಲೂ ಕೇಳಿದ್ದೀರಿ. ಆಸೆ ಎಲ್ಲರಿಗೂ ಹುಟ್ಟುತ್ತದೆ, ಯಾಕಂದ್ರೆ 1790ರ ದಶಕದಲ್ಲಿ ಸೆನೆಫೆಲ್ಡರ್ ಲಿಥೋ ಕಂಡುಹಿಡಿದದ್ದು ಬವೇರಿಯಾದ ಜೊಲ್ನ್‌ಹೋಫೆನ್ ಕಲ್ಲಿನ ಮೇಲೆ, ಅದೂ ಸುಣ್ಣದ ಕಲ್ಲೇ. ನಮ್ಮ ನೆಲಹಾಸಿನ ಪರಸಿ ತೆಳ್ಳಗೆ, ಪ್ರೆಸ್ಸಿನ ಬಿಗಿಗೆ ನನ್ನದು ನಡುಮಧ್ಯೆ ಸೀಳಿತು. ದಪ್ಪನೆಯ ಕಲ್ಲು ಸಿಕ್ಕರೆ ನೋಡಿ.

ಇನ್ನು ನೈಟ್ರಿಕ್. ನೀವು ಮನೆಯಲ್ಲಿ ಮಾಡುತ್ತೀರಿ ಅಂದಿರಿ, ಆ ಕಂದು ಹೊಗೆ ಪುಪ್ಪುಸಕ್ಕೆ ಹೋಗುತ್ತದೆ, ಇವತ್ತೇ ಬಿಡಿ. ರಸಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಸಿಗುತ್ತದೆ. ಅಷ್ಟೇ ತೂಕದ ಅಡುಗೆ ಉಪ್ಪು ಸೇರಿಸಿ ನೀರಿನಲ್ಲಿ ಕರಗಿಸಿದರೆ ಸತು ಚೆನ್ನಾಗಿ ಕಚ್ಚುತ್ತದೆ. ಗೆರೆಗಳಲ್ಲಿ ಕೆಂಪು ಕೆಸರಿನಂತೆ ತಾಮ್ರ ಏಳುತ್ತದೆ, ಕೋಳಿ ಪುಕ್ಕದಿಂದ ಆಗಾಗ ಸವರುತ್ತಿರಿ. ನೀರಿನ ನೀಲಿ ಹೋಗಿ ತಿಳಿಯಾದರೆ ಶಕ್ತಿ ಮುಗಿಯಿತು. ಆಗ ಅದನ್ನು ಚರಂಡಿಗೆ ಸುರಿಯಬೇಡಿ. ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ಗಸಿ ಕೆಳಗೆ ಕೂರಲು ರಾತ್ರಿಯಿಡೀ ಬಿಡಿ, ಆ ಗಸಿಯನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿ ಬೇರೆಯೇ ಇಡಿ. ಡಬ್ಬಿಯ ಮೇಲೂ ಹೆಸರು ಬರೆಯಿರಿ, ನಮ್ಮವ್ವ ಒಂದು ಸಲ ಅದನ್ನು ಪಾತ್ರೆ ತೊಳೆಯುವ ಪುಡಿ ಅಂತ ತಿಳಿದು ಬಚ್ಚಲಿಗೆ ಒಯ್ದಿದ್ದಳು.